ನುಡಿ ಫಾಂಟಿನ ಪುಸ್ತಕಪಟ್ಟಿ ಯೂನಿಕೋಡ್ ಡೇಟಾಬೇಸ್‌ಗೆ ಬಂದಿದೆ, ಆದರೆ ಹುಡುಕಿದರೆ ಸಿಗುತ್ತಿಲ್ಲ

ಸಾಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್ ಕೊನೇ ವರ್ಷದ ವಿದ್ಯಾರ್ಥಿನಿ. ನಮ್ಮ ಕಡೆಯ ಒಂದು ಹಳೆಯ ವಾಚನಾಲಯದ ಪುಸ್ತಕಪಟ್ಟಿಯನ್ನು ವೆಬ್‌ಗೆ ತರುವುದು ನಮ್ಮ ತಂಡದ ಪ್ರಾಜೆಕ್ಟ್. ಸುಮಾರು ಎಂಟು ಸಾವಿರ ಪುಸ್ತಕ. ಪಟ್ಟಿ ಇರುವುದು ವರ್ಡ್ ಮತ್ತು ಎಕ್ಸೆಲ್ ಫೈಲುಗಳಲ್ಲಿ. ಬಹುಪಾಲು ನುಡಿ ಎಂಬ ಹಳೆಯ ಕನ್ನಡ ಫಾಂಟಿನಲ್ಲಿ, ಕೆಲವು ಬರಹ ಎಂಬ ಅಂಥದ್ದೇ ಫಾಂಟಿನಲ್ಲಿ, ಈಚಿನವು ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಗೊತ್ತು ಮಾಡಿರುವ ಮಾನಕ). ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡಿ ಎಲ್ಲವನ್ನೂ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ತುಂಬಿದ್ದೇವೆ. ಪುಟ ನೋಡಲು ಚೆನ್ನಾಗಿದೆ.

ತೊಂದರೆ ಇರುವುದು ಹುಡುಕಾಟದಲ್ಲಿ. ‘ಸಂಗೀತ’ ಎಂದು ಟೈಪ್ ಮಾಡಿದರೆ ಅರ್ಧ ಪುಸ್ತಕ ಮಾತ್ರ ಬರುತ್ತವೆ. ಬಾರದೇ ಉಳಿದ ಸಾಲುಗಳನ್ನು ಕಣ್ಣಿನಿಂದ ನೋಡಿದರೆ ಅಲ್ಲೂ ‘ಸಂಗೀತ’ ಎಂದೇ ಇದೆ. ಕೋಡ್‌ನಲ್ಲಿ ತಪ್ಪಿಲ್ಲ, ಇಂಗ್ಲಿಷ್ ಹೆಸರುಗಳೆಲ್ಲ ಸರಿಯಾಗಿ ಸಿಗುತ್ತವೆ. ಎಲ್ಲಿಂದ ಹುಡುಕಲು ಶುರು ಮಾಡಲಿ?

ಕೋಷ್ಟಕ

ಒಳ್ಳೆಯ ಕೆಲಸ ಹಿಡಿದಿದ್ದೀರಿ. ಕಣ್ಣಿಗೆ ಕಾಣುವುದನ್ನು ನಂಬಬೇಡಿ, ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆ ನೋಡಿ. ಪೈಥಾನ್‌ನಲ್ಲಿ ಆ ಪದದ ಒಂದೊಂದು ಅಕ್ಷರವನ್ನೂ ‘ಆರ್ಡ್’ ಫಂಕ್ಷನ್‌ಗೆ ಕೊಟ್ಟು ಬರುವ ಅಂಕಿಗಳನ್ನು ಇಲ್ಲಿ ಹಾಕಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327ರವರೆಗೆ. ಸಿಗುವ ಸಾಲಿಂದೊಂದು, ಸಿಗದ ಸಾಲುಗಳಿಂದ ಎರಡು ಮೂರು ಸಾಕು.

ಸಾಗರದ ಹುಡುಗಿ

ಹಾಕಿದೆ ಸರ್. ಸಿಗುವ ಸಾಲು: 3256, 3202, 3223, 3264, 3236.
ಸಿಗದ ಒಂದು ಸಾಲು: 3256, 3302, 3223, 3264, 3236.
ಸಿಗದ ಇನ್ನೊಂದು: 3256, 3202, 3223, 3263, 3285, 3236.

ಮೂರೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ!

ಕೋಷ್ಟಕ

ಎರಡು ಬೇರೆ ಬೇರೆ ಕಾಯಿಲೆ, ಎರಡಕ್ಕೂ ಬೇರೆ ಮದ್ದು.

ಮೊದಲನೆಯ ಸಿಗದ ಸಾಲಿನಲ್ಲಿ 3302 ಇದೆ. ಅದು ಅನುಸ್ವಾರವಲ್ಲ, ಕನ್ನಡದ ಸೊನ್ನೆ ಅಂಕಿ. ಅನುಸ್ವಾರ 3202. ಹಳೆಯ ಫಾಂಟುಗಳಲ್ಲಿ ಎರಡೂ ಒಂದೇ ದುಂಡು, ಟೈಪ್ ಮಾಡಿದವರಿಗೆ ವ್ಯತ್ಯಾಸವೇ ಇರಲಿಲ್ಲ. ಯೂನಿಕೋಡ್‌ನ ಸಿದ್ಧ ನಿಯಮಗಳು ಇದನ್ನು ಸರಿಮಾಡಿ ಕೊಡುವುದಿಲ್ಲ, ನಿಯಮವನ್ನು ನೀವೇ ಬರೆಯಬೇಕು. ಸೊನ್ನೆಯ ಹಿಂದೆ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅದನ್ನು ಅನುಸ್ವಾರ ಮಾಡಿ. ಹಿಂದೆ ಅಂಕಿ ಇದ್ದರೆ ಮುಟ್ಟಬೇಡಿ. ಉಲ್ಟಾ ತಪ್ಪೂ ಇರುತ್ತದೆ: ೧೯೦೫ ಎಂದು ಬರೆಯುವಾಗ ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತಿರುತ್ತಾರೆ. ಅಂಕಿಯಾದ ಕೂಡಲೇ ಅನುಸ್ವಾರ ಬಂದರೆ ಸೊನ್ನೆ ಮಾಡಿ.

ಎರಡನೆಯದು ಯೂನಿಕೋಡ್ ತಾನೇ ಒಪ್ಪಿಕೊಂಡಿರುವ ಸಂಗತಿ. ‘ೀ’ ಎನ್ನುವುದನ್ನು 3264 ಎಂದು ಒಂದೇ ಸಂಖ್ಯೆಯಲ್ಲಿ ಬರೆಯಬಹುದು, ಗುಡಿಸು 3263 ಮತ್ತು ದೀರ್ಘದ ಗುರುತು 3285 ಎಂದು ಎರಡಾಗಿಯೂ ಬರೆಯಬಹುದು. ಎರಡೂ ಸರಿ, ಎರಡೂ ಸಮಾನ. ಕನ್ನಡದಲ್ಲಿ ಹೀಗೆ ಒಡೆಯುವ ಸ್ವರಚಿಹ್ನೆಗಳು ಐದು: ೀ, ೇ, ೈ, ೊ, ೋ. ಇದರಲ್ಲಿ ‘ೋ’ ಪೂರ್ತಿ ಒಡೆದರೆ ಮೂರು ತುಂಡು. ಇವನ್ನೆಲ್ಲ ಒಂದೇ ರೂಪಕ್ಕೆ ತರುವುದಕ್ಕೆ ನಾರ್ಮಲೈಸೇಷನ್ ಎನ್ನುತ್ತೇವೆ. ನಿಮಗೆ ಬೇಕಾದದ್ದು ಎನ್‌ಎಫ್‌ಸಿ, ಅಂದರೆ ಒಡೆದ ತುಂಡುಗಳನ್ನು ಕೂಡಿಸಿದ ರೂಪ. ಪೋಸ್ಟ್‌ಗ್ರೆಸ್ 13ರಿಂದ ಈಚೆಗೆ ‘ನಾರ್ಮಲೈಸ್’ ಫಂಕ್ಷನ್ ಡೇಟಾಬೇಸ್‌ನಲ್ಲೇ ಇದೆ. ಪೈಥಾನ್‌ನಲ್ಲಿ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿದೆ, ಜಾವಾಸ್ಕ್ರಿಪ್ಟ್‌ನಲ್ಲಿ ಪ್ರತಿ ಸ್ಟ್ರಿಂಗ್‌ಗೂ ಇದೆ.

ಮುಖ್ಯ ಮಾತು: ಡೇಟಾಗೆ ಏನು ಮಾಡುತ್ತೀರೋ ಓದುಗರು ಹುಡುಕುವ ಪದಕ್ಕೂ ಅದನ್ನೇ ಮಾಡಿ. ಒಂದೇ ಫಂಕ್ಷನ್ ಇರಲಿ, ಎರಡೂ ಕಡೆ ಅದನ್ನೇ ಕರೆಯಿರಿ. ಫೋನಿನ ಕೀಬೋರ್ಡ್ ಯಾವ ರೂಪ ಕಳಿಸುತ್ತದೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ.

ಬಿಟ್ಟೂ ಬೈಟೂ

ಇದರ ಜೊತೆಗೆ ಕಾಣದ ಅಕ್ಷರಗಳೂ ಇರುತ್ತವೆ: 8204 ಮತ್ತು 8205, ಅಂದರೆ ಜೋಡಿಸಬೇಡ ಎನ್ನುವ ಗುರುತು ಮತ್ತು ಜೋಡಿಸು ಎನ್ನುವ ಗುರುತು. ಎನ್‌ಎಫ್‌ಸಿ ಇವನ್ನು ಮುಟ್ಟುವುದಿಲ್ಲ. ನಾನಾಗಿದ್ದರೆ ಒಂದೇ ಅಪ್‌ಡೇಟ್ ಓಡಿಸಿ ಇಡೀ ಟೇಬಲ್‌ನಿಂದ ಎರಡನ್ನೂ ಕಿತ್ತುಹಾಕುತ್ತಿದ್ದೆ. ಕೆಲಸ ಅಲ್ಲಿಗೆ ಮುಗಿಯಿತು.

ಕೋಷ್ಟಕ

ದಯವಿಟ್ಟು ಹಾಗೆ ಮಾಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈ ಒಂದು ಅಪ್‌ಡೇಟ್‌ನಿಂದ ಹಾಳಾದ ಕನ್ನಡ ಡೇಟಾವನ್ನು ಮತ್ತೆ ಸರಿಮಾಡಲು ದಾರಿಯೇ ಇರುವುದಿಲ್ಲ. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ಜ್ ಮತ್ತು ಕು ನಡುವೆ 8204 ಇದೆ. ತೆಗೆದರೆ ‘ರಾಜ್ಕುಮಾರ್’ ಆಗಿ ಜಕಾರದ ಕೆಳಗೆ ಕಕಾರ ಒತ್ತಾಗಿ ಕೂರುತ್ತದೆ. ‘ಸಾಫ್ಟ್‌ವೇರ್’, ‘ಹಾರ್ಡ್‌ವೇರ್’ ಎಲ್ಲಕ್ಕೂ ಇದೇ ಗತಿ. ‘ರ‍್ಯಾಂಕ್’ ಬರೆಯಲು 8205 ಬೇಕು, ಇಲ್ಲದಿದ್ದರೆ ರಕಾರ ಅರ್ಕಾವೊತ್ತಾಗಿ ಯಕಾರದ ಆಚೆಗೆ ಹೋಗುತ್ತದೆ. ಅವು ಕಸವಲ್ಲ, ಕಾಗುಣಿತದ ಭಾಗ.

ನಾನು ಮಾಡುವುದು ಹೀಗೆ. ಶೀರ್ಷಿಕೆಗೆ ಮೂರು ಕಾಲಂ. ಒಂದು, ಮೂಲ ಫೈಲಿನಲ್ಲಿ ಇದ್ದ ಪಠ್ಯ, ನುಡಿಯದಾದರೆ ನುಡಿಯದೇ ಸಂಕೇತ, ಒಂದಕ್ಷರವೂ ಬದಲಿಸದೆ. ಎರಡು, ಪರದೆಗೆ ಹೋಗುವ ಯೂನಿಕೋಡ್ ಪಠ್ಯ, ಎನ್‌ಎಫ್‌ಸಿ ಮಾಡಿ ಸೊನ್ನೆ ತಿದ್ದಿದ್ದು. ಮೂರು, ಹುಡುಕಲು ಮಾತ್ರ ಇರುವ ಪಠ್ಯ: ಇದರಲ್ಲಿ 8204, 8205 ತೆಗೆಯಿರಿ, ಫ಼ ಮತ್ತು ಜ಼ ಅಡಿಯ ಚುಕ್ಕೆ, ಅಂದರೆ ನುಕ್ತಾ, ತೆಗೆಯಿರಿ, ಕನ್ನಡ ಅಂಕಿಗಳನ್ನು 1, 2, 3 ಮಾಡಿ, ಎರಡು ಮೂರು ಖಾಲಿ ಜಾಗವನ್ನು ಒಂದು ಮಾಡಿ. ಈ ಮೂರನೆಯದನ್ನು ಯಾರಿಗೂ ತೋರಿಸುವುದಿಲ್ಲ. ಪೋಸ್ಟ್‌ಗ್ರೆಸ್ 12ರಿಂದ ಜನರೇಟೆಡ್ ಕಾಲಂ ಇದೆ, ಎರಡನೆಯದು ಬದಲಾದರೆ ಮೂರನೆಯದು ತಾನೇ ಬದಲಾಗುತ್ತದೆ. ನಿಯಮ ತಪ್ಪಾಗಿದೆ ಎಂದು ನಾಳೆ ಗೊತ್ತಾದರೆ ಮೂರನೆಯ ಕಾಲಂ ಅಳಿಸಿ ಮತ್ತೆ ಹುಟ್ಟಿಸಬಹುದು. ಎಂಟು ಸಾವಿರ ಸಾಲಿಗೆ ಮೂರು ಕಾಲಂ ಇಟ್ಟರೆ ಡಿಸ್ಕ್‌ನಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಬಿಟ್ಟೂ ಬೈಟೂ

ಒಪ್ಪಿದೆ, ಮೂರು ಕಾಲಂ ದಾರಿ ಚೆನ್ನಾಗಿದೆ. ಒಂದು ಸೇರಿಸುತ್ತೇನೆ: ಹುಡುಕು ಪಠ್ಯ ತಯಾರಿಸುವಾಗ ರೆಗ್ಯುಲರ್ ಎಕ್ಸ್‌ಪ್ರೆಷನ್ (ಮಾದರಿ ಕೊಟ್ಟು ಪಠ್ಯ ಹುಡುಕುವ ಸಂಕೇತ) ಬಳಸಿದರೆ ಪದದ ಅಕ್ಷರಗಳನ್ನು ಹಿಡಿಯುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ ಹಾಕಬೇಡಿ. ಪೈಥಾನ್‌ನ ಜೊತೆಗೇ ಬರುವ ‘ಆರ್‌ಇ’ ಮಾಡ್ಯೂಲ್ ಸ್ವರಚಿಹ್ನೆ ಮತ್ತು ವಿರಾಮವನ್ನು (‘ಕ್’ನಲ್ಲಿರುವ ಅರ್ಧಾಕ್ಷರದ ಗುರುತು) ಪದದ ಭಾಗ ಎಂದು ಎಣಿಸುವುದಿಲ್ಲ, ‘ಕನ್ನಡಿಗ’ ಎನ್ನುವ ಒಂದು ಪದ ಮೂರು ತುಂಡಾಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಅದು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಬೇರೇನನ್ನೂ ಹಿಡಿಯುವುದೇ ಇಲ್ಲ. 2018ರ ಜಾವಾಸ್ಕ್ರಿಪ್ಟ್ ಮಾನಕದಿಂದ ಯೂನಿಕೋಡ್ ವರ್ಗದ ಹೆಸರು ಕೊಟ್ಟು ಹುಡುಕಬಹುದು. ‘ಲೆಟರ್’ ಮತ್ತು ಸ್ವರಚಿಹ್ನೆ, ವಿರಾಮಗಳಿರುವ ‘ಮಾರ್ಕ್’ ಎರಡೂ ವರ್ಗ ಕೊಡಿ.

ಎಸ್‌ಕ್ಯುಲೈಟ್ ಡೇಟಾಬೇಸ್ ಬಳಸುವವರಿಗೂ ಇದೇ ಎಚ್ಚರಿಕೆ. ಅದರ ಎಫ್‌ಟಿಎಸ್5 ಹುಡುಕಾಟದ ಡೀಫಾಲ್ಟ್ ಟೋಕನೈಜರ್ (ಪಠ್ಯವನ್ನು ಪದಗಳಾಗಿ ಒಡೆಯುವ ಭಾಗ) ಸಹ ಮಾರ್ಕ್ ವರ್ಗವನ್ನು ಪದದೊಳಗೆ ಸೇರಿಸುವುದಿಲ್ಲ. ಆ ವರ್ಗವನ್ನು ಕೈಯಾರೆ ಸೇರಿಸಬೇಕು, ಇಲ್ಲವೇ 3.34ರಿಂದ ಬಂದ, ಮೂರು ಮೂರು ಸಂಕೇತವಾಗಿ ಹಿಡಿಯುವ ಟ್ರೈಗ್ರಾಂ ಟೋಕನೈಜರ್ ಬಳಸಬೇಕು.

ಗದಗಿನ ಕರಡು ತಿದ್ದುವವ

ತಂಗಿ, ನಾ ಡಿಟಿಪಿ ಕೆಲಸದಾಗ ಇದ್ದವ. ನುಡಿ ಫಾಂಟಿನ ಫೈಲ್ ದಿನಾ ನೋಡೇನಿ. ನಿಮ್ಮ ಕನ್ವರ್ಷನ್ ಹೆಂಗ ಮಾಡಿದ್ರಿ ಹೇಳ್ರಿ ಮೊದಲ. ಎಕ್ಸೆಲ್‌ನಿಂದ ಸಿಎಸ್‌ವಿ (ಫಾಂಟ್ ಇಲ್ಲದ ಬರೇ ಪಠ್ಯದ ಫೈಲ್) ಮಾಡಿ, ಆ ಸಿಎಸ್‌ವಿನ ಇಡೀ ಕನ್ವರ್ಟರ್‌ಗೆ ಹಾಕಿದ್ರೇನು?

ಸಾಗರದ ಹುಡುಗಿ

ಹೌದು ಅಣ್ಣಾ, ಹಾಗೇ ಮಾಡಿದ್ದು. ಕೆಲವು ಸಾಲುಗಳಲ್ಲಿ ಅರ್ಥವಿಲ್ಲದ ಕನ್ನಡ ಬಂದಿದೆ, ಅದನ್ನು ಕೈಯಲ್ಲಿ ತಿದ್ದೋಣ ಎಂದುಕೊಂಡಿದ್ದೆವು.

ಗದಗಿನ ಕರಡು ತಿದ್ದುವವ

ಆ ಅರ್ಥ ಇಲ್ಲದ ಕನ್ನಡ ಏನು ಗೊತ್ತೇನ್ರಿ? ಅದು ಇಂಗ್ಲಿಷ್. ಪ್ರಕಾಶಕರ ಹೆಸರು, ಐಎಸ್‌ಬಿಎನ್, ಇಂಗ್ಲಿಷ್ ಪುಸ್ತಕದ ಶೀರ್ಷಿಕೆ. ನುಡಿ, ಬರಹದ ಹಳೇ ಫಾಂಟ್ ಅಂದ್ರ ಒಳಗ ಇರೋದು ಇಂಗ್ಲಿಷ್ ಅಕ್ಷರದ ಸಂಕೇತನ. ಫಾಂಟ್ ಹಾಕಿದಾಗಷ್ಟ ಅದು ಕನ್ನಡ ಕಾಣ್ತದ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಅಂತ ಹೇಳೋದು ಫಾಂಟಿನ ಹೆಸರು ಒಂದ. ಸಿಎಸ್‌ವಿ ಮಾಡಿದ ಕ್ಷಣಕ್ಕ ಆ ಹೆಸರು ಹೋತು. ಆಮ್ಯಾಲೆ ಯಾವ ಕನ್ವರ್ಟರ್‌ಗೂ ತಿಳಿಯಂಗಿಲ್ಲ.

ಅದಕ್ಕ ಸಿಎಸ್‌ವಿ ಬಿಡ್ರಿ, ಮೂಲ ಫೈಲಿಗೆ ವಾಪಸ್ ಹೋಗ್ರಿ. ಡಾಕ್ಸ್ ಫೈಲ್ ಅಂದ್ರ ಒಂದು ಜಿಪ್, ಒಳಗ ಎಕ್ಸ್‌ಎಂಎಲ್. ಒಂದೊಂದು ತುಂಡು ಪಠ್ಯದ ಫಾಂಟ್ ಹೆಸರು ಆ ತುಂಡಿನಾಗ, ಇಲ್ಲಾ ಅದರ ಸ್ಟೈಲ್‌ನಾಗ ಬರೆದಿರ್ತದ. ಪೈಥಾನ್ ಡಾಕ್ಸ್ ಲೈಬ್ರರಿಯೊಳಗ ಅದನ್ನ ‘ರನ್’ ಅಂತಾರ. ರನ್ ಒಂದೊಂದ ತಗೊಂಡು ಫಾಂಟ್ ನುಡಿ ಇದ್ರ ನುಡಿ ಕೋಷ್ಟಕ, ಬರಹ ಇದ್ರ ಬರಹ ಕೋಷ್ಟಕ, ಬ್ಯಾರೆ ಇದ್ರ ಇದ್ದಂಗ ಬಿಡೋದು. ಎಕ್ಸೆಲ್‌ದಾಗೂ ಸೆಲ್‌ನ ಫಾಂಟ್ ಹೆಸರು ಓಪನ್‌ಪೈಎಕ್ಸೆಲ್ ಅನ್ನೋ ಪೈಥಾನ್ ಲೈಬ್ರರಿ ಕೊಡ್ತದ. ಹಳೇ ಡಾಕ್ ಫೈಲ್ ಇದ್ರ ಲಿಬ್ರೆಆಫೀಸ್‌ನಾಗ ಮೊದಲ ಡಾಕ್ಸ್ ಮಾಡ್ಕೋರಿ.

ಇನ್ನೊಂದು. ನುಡಿಯೊಳಗ ಅಕ್ಷರ ಕೂಡೋದು ಕಣ್ಣಿಗೆ ಕಾಣೋ ಕ್ರಮದಾಗ, ಯೂನಿಕೋಡ್‌ನಾಗ ಬಾಯಿಲೆ ಹೇಳೋ ಕ್ರಮದಾಗ. ‘ಧರ್ಮ’ ತಗೋರಿ: ಹಳೇ ಫಾಂಟಿನಾಗ ಧ, ಮ, ಆಮ್ಯಾಲೆ ಅರ್ಕಾವೊತ್ತು. ಯೂನಿಕೋಡ್‌ನಾಗ ಧ, ರ, ವಿರಾಮ, ಮ. ‘ಅಕ್ಕಿ’ ಅಂದ್ರ ಹಳೇದ್ರಾಗ ಅ, ಕಿ, ಕಕಾರದ ಒತ್ತು. ಯೂನಿಕೋಡ್‌ನಾಗ ಗುಡಿಸು ಕಟ್ಟಕಡೀಗೆ. ಹಿಂಗಾಗಿ ಬರೇ ಅಕ್ಷರಕ್ಕ ಅಕ್ಷರ ಬದಲಿ ಮಾಡೋ ಸ್ಕ್ರಿಪ್ಟ್ ಸಾಲಂಗಿಲ್ಲ, ಒತ್ತು ಮತ್ತು ಅರ್ಕಾವೊತ್ತು ಹಿಂದ ಮುಂದ ಮಾಡೋ ಹಂತ ಇರಬೇಕು. ಒಳ್ಳೇ ಕನ್ವರ್ಟರ್ ಇದನ್ನ ಮಾಡ್ತಾವ. ನಿಮ್ಮದು ಮಾಡ್ತದೋ ಇಲ್ಲೋ ನೋಡಾಕ ಈ ಪದ ಕೊಡ್ರಿ: ಧರ್ಮ, ಅಕ್ಕಿ, ಸ್ತ್ರೀ, ರಾಷ್ಟ್ರೀಯ, ಕರ್ತೃ, ಸಾಮರ್ಥ್ಯ. ಆರೂ ಸರಿ ಬಂದ್ರ ನಂಬಬಹುದು.

ಹಳೇ ಫಾಂಟಿಗೆ ಬೈಯೋ ಮಾತಲ್ಲ ಇದು. ವಿಂಡೋಸ್‌ನಾಗ ಕನ್ನಡ ಯೂನಿಕೋಡ್ ಸರಿ ಮೂಡದ ಕಾಲಕ್ಕ ಬರಹ, ನುಡಿ ಇದ್ದಿದ್ದಕ್ಕ ಕನ್ನಡ ಪುಸ್ತಕ, ಪತ್ರಿಕೆ, ಕಚೇರಿ ಕೆಲಸ ನಡೀತು. ಆ ದುಡಿಮೆ ಉಳಿಸ್ಕೊಂಡು ಹೋಗೋದು ಈಗ ನಿಮ್ಮಂಥವರ ಪಾಲಿಗೆ ಬಂದದ.

ಮಂಡ್ಯದ ಮೈಎಸ್‌ಕ್ಯುಎಲ್

ಇದೇ ಎಳೆಯಲ್ಲಿ ಕೇಳಿಬಿಡುತ್ತೇನೆ. ನಾವು ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ಮಾಡುತ್ತಿದ್ದೇವೆ, ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ. ಕೆಲವು ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ, ಕೆಲವು ಕಡೆ ವಿಚಿತ್ರ ಅಕ್ಷರ, ಒಂದು ಹಳೆಯ ಕಂಪ್ಯೂಟರ್‌ನಲ್ಲಿ ಚೌಕದ ಡಬ್ಬಿಗಳು. ಮೂರೂ ಒಂದೇ ಸಮಸ್ಯೆಯಾ?

ಕೋಷ್ಟಕ

ಮೂರೂ ಬೇರೆ.

ಚೌಕ ಕಂಡರೆ ಡೇಟಾ ಬಹುಮಟ್ಟಿಗೆ ಚೆನ್ನಾಗಿಯೇ ಇದೆ, ಆ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ಪುಟಕ್ಕೆ ನೋಟೋ ಸಾನ್ಸ್ ಕನ್ನಡದಂಥ ವೆಬ್ ಫಾಂಟ್ ಕೊಡಿ.

ವಿಚಿತ್ರ ಅಕ್ಷರದ ಗುರುತು ಹೇಳುತ್ತೇನೆ. ಯೂನಿಕೋಡ್ ಸಂಖ್ಯೆಯನ್ನು ಬೈಟುಗಳಾಗಿ ಬರೆಯುವ ರೀತಿಯಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಅದನ್ನು ಯಾವುದೋ ಪ್ರೋಗ್ರಾಂ ಪಶ್ಚಿಮ ಯುರೋಪಿನ ಸಂಕೇತ ಎಂದುಕೊಂಡು ಓದಿದರೆ, ತಲೆಯ ಮೇಲೆ ಓರೆ ಗೀಟಿರುವ ಸಣ್ಣ ‘ಎ’ ಅಕ್ಷರ, ಅದರ ಪಕ್ಕ ಮೇಲೆ ಕೂತ ಪುಟ್ಟ ಎರಡು ಅಥವಾ ಮೂರು, ಇದೇ ಮತ್ತೆ ಮತ್ತೆ ಬರುತ್ತದೆ. ಈ ಜೋಡಿ ಕಂಡರೆ ಸಮಾಧಾನ ಪಡಿ: ಬೈಟುಗಳು ಬಹುಪಾಲು ಉಳಿದಿವೆ, ಓದುವ ರೀತಿ ಮಾತ್ರ ತಪ್ಪಿದೆ, ತಿರುಗಿಸಿ ಪಡೆಯುವ ದಾರಿ ಇದೆ. ಆದರೆ ಆ ರೂಪದಲ್ಲೇ ಯಾರೂ ಎಡಿಟ್ ಮಾಡಿ ಸೇವ್ ಮಾಡದಂತೆ ತಡೆಯಿರಿ.

ಪ್ರಶ್ನಾರ್ಥಕ ಚಿಹ್ನೆ ಟೇಬಲ್‌ನೊಳಗೇ ಕೂತಿದ್ದರೆ ಆ ಅಕ್ಷರ ಹೋಯಿತು. ಕನ್ನಡ ಹಿಡಿಸದ ಕಾಲಂಗೋ ಕನೆಕ್ಷನ್‌ಗೋ ಬಂದಾಗ ಪ್ರತಿ ಅಕ್ಷರದ ಜಾಗದಲ್ಲೂ ನಿಜವಾದ ಪ್ರಶ್ನಾರ್ಥಕವೇ ಬರೆಯಲ್ಪಟ್ಟಿದೆ. ಮೂಲ ಕಾಗದದಿಂದ ಮತ್ತೆ ಟೈಪ್ ಮಾಡಬೇಕು. ಹಾಗಾಗಿ ಮೊದಲು ಪ್ರಶ್ನಾರ್ಥಕ ಎಲ್ಲಿಂದ ಹುಟ್ಟುತ್ತಿದೆ ಎಂದು ಹಿಡಿದು ಅದನ್ನು ಇಂದೇ ನಿಲ್ಲಿಸಿ. ಎಸ್‌ಕ್ಯುಎಲ್ ಸರ್ವರ್ ಬಳಸುವವರು ಯೂನಿಕೋಡ್ ಹಿಡಿಸುವ ಎನ್‌ವಾರ್‌ಚಾರ್ ಕಾಲಂ ಇಟ್ಟೂ, ಕ್ವೆರಿಯಲ್ಲಿ ಪಠ್ಯದ ಮುಂದೆ ‘ಎನ್’ ಹಾಕದೆ ಇದೇ ಫಲ ಪಡೆಯುತ್ತಾರೆ.

ಮೈಎಸ್‌ಕ್ಯುಎಲ್‌ನಲ್ಲಿ ಇನ್ನೊಂದು ಇದೆ. ಅದರಲ್ಲಿ ‘ಯುಟಿಎಫ್8’ ಎಂಬ ಹಳೆಯ ಹೆಸರು ಮೂರು ಬೈಟ್‌ವರೆಗೆ ಮಾತ್ರ. ಕನ್ನಡ ಮೂರು ಬೈಟ್‌ನಲ್ಲೇ ಮುಗಿಯುವುದರಿಂದ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ; ಯಾರೋ ಫೋನಿನಿಂದ ಒಂದು ಇಮೋಜಿ ಸೇರಿಸಿದ ದಿನ ಸಾಲು ಅರ್ಧಕ್ಕೆ ಕತ್ತರಿಸುತ್ತದೆ ಅಥವಾ ಎರರ್ ಕೊಡುತ್ತದೆ. ಬೇಕಾದದ್ದು ‘ಯುಟಿಎಫ್8 ಎಂಬಿ4’. 5.5.3ರಿಂದ ಅದು ಲಭ್ಯ, 8.0ರಲ್ಲಿ ಅದೇ ಡೀಫಾಲ್ಟ್. ಕಾಲಂ, ಟೇಬಲ್, ಕನೆಕ್ಷನ್ ಮೂರೂ ಕಡೆ ನೋಡಿ. ಕೊಲೇಷನ್ (ಪಠ್ಯವನ್ನು ಹೋಲಿಸುವ, ಜೋಡಿಸುವ ನಿಯಮ) ಹೆಸರಿನಲ್ಲಿ ‘ಎಐ’ ಇದ್ದರೆ ಅದು ಸೂಕ್ಷ್ಮ ಗುರುತುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರ್ಥ. ‘ಅಂಗಡಿ’ ಮತ್ತು ‘ಅಗಡಿ’ ನಿಮ್ಮ ಡೇಟಾಬೇಸ್‌ಗೆ ಒಂದೇ ಆಗಿ ಕಾಣುತ್ತವೆಯೇ ಎಂದು ಒಂದು ಕ್ವೆರಿ ಓಡಿಸಿ ನೋಡಿ, ಆಮೇಲೆ ಒಂದೇ ಹೆಸರು ಎರಡು ಸಲ ಬಾರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಹಾಕಿ. ಸದಸ್ಯರ ಹೆಸರಿನ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಬಿಟ್ಟೂ ಬೈಟೂ

ಉದ್ದದ ಮಾತೂ ಬರಲಿ. ‘ಸ್ತ್ರೀ’ ನಮಗೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಆರು ಸಂಖ್ಯೆ, ಯುಟಿಎಫ್-8ರಲ್ಲಿ 18 ಬೈಟ್. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್‌ಗಳಲ್ಲಿ ಪಠ್ಯದ ಕಾಲಂಗೆ ವಾರ್‌ಚಾರ್ 50 ಎಂದರೆ ಐವತ್ತು ಯೂನಿಕೋಡ್ ಸಂಖ್ಯೆ. ಒರಾಕಲ್‌ನಲ್ಲಿ ಬೇರೆ ಹೇಳದಿದ್ದರೆ ವಾರ್‌ಚಾರ್2 ಬೈಟ್ ಎಣಿಸುತ್ತದೆ, 30 ಎಂದು ಇಟ್ಟರೆ ಕನ್ನಡದ ಹತ್ತು ಸಂಖ್ಯೆಗೆ ಜಾಗ ಮುಗಿಯಿತು. ‘ವೆಂಕಟೇಶಮೂರ್ತಿ’ಗೇ ಸಾಲದು. ಇಂಗ್ಲಿಷ್ ಹೆಸರನ್ನು ಮನಸ್ಸಿನಲ್ಲಿಟ್ಟು ಮಾಡಿದ ಫಾರಂಗಳಲ್ಲಿ ನಮ್ಮ ಹೆಸರು ತುಂಡಾಗುವುದಕ್ಕೆ ಇದೂ ಒಂದು ಕಾರಣ.

ಪುಟದಲ್ಲಿ ಶೀರ್ಷಿಕೆಯನ್ನು ಮೊಟಕು ಮಾಡಿ ಮೂರು ಚುಕ್ಕೆ ಹಾಕುವಾಗಲೂ ಸಂಖ್ಯೆ ಎಣಿಸಿ ಕತ್ತರಿಸಬೇಡಿ, ಒತ್ತಕ್ಷರದ ನಡುವೆ ಕತ್ತರಿ ಬೀಳುತ್ತದೆ. ಅಕ್ಷರದ ಗಡಿ ಹುಡುಕಿಕೊಡುವ ಬ್ರೌಸರ್‌ನ ‘ಇಂಟ್ಲ್ ಸೆಗ್ಮೆಂಟರ್’ ಇದಕ್ಕೇ ಇದೆ, ಆದರೆ ಕನ್ನಡಕ್ಕೆ ಅದೂ ಪೂರ್ತಿ ಸಾಲದು. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದಿರುವ ನಿಯಮ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ‘ಸ್ತ್ರೀ’ ಆ ನಿಯಮದಂತೆ ಸ್, ತ್, ರೀ ಎಂದು ಮೂರು. ಶೀರ್ಷಿಕೆಯನ್ನು ಪದದ ಗಡಿಯಲ್ಲಿ ಕತ್ತರಿಸಿ, ಅಥವಾ ಕತ್ತರಿಸುವ ಕೆಲಸವನ್ನು ಪುಟದ ವಿನ್ಯಾಸ ನೋಡುವ ಸಿಎಸ್‌ಎಸ್‌ಗೆ ಬಿಡಿ. ಇಂಥ ಪಟ್ಟಿಗಳು ತಯಾರಾಗುವಾಗ ನಮ್ಮವರು ಕೂತು ಕರಡು ಓದಿ ಅಭಿಪ್ರಾಯ ಬರೆಯಬೇಕು. ಯೂನಿಕೋಡ್ ಕನ್ಸಾರ್ಟಿಯಂ ತನ್ನ ಕರಡುಗಳಿಗೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ವಿದ್ಯಾರ್ಥಿಗಳೂ ಬರೆಯಬಹುದು.

ಗ್ರಂಥಪಾಲಕಿ

ಇಷ್ಟೂ ಓದಿದೆ. ತಾಂತ್ರಿಕ ಮಾತು ನೀವೆಲ್ಲ ಹೇಳಿದ್ದೀರಿ, ನಾನು ಪುಸ್ತಕದ ಕಡೆಯಿಂದ ಹೇಳುತ್ತೇನೆ.

ಮೊದಲು, ಕೋಹಾ ನೋಡಿದ್ದೀರಾ? ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಿಂದ ಬಳಕೆಯಲ್ಲಿರುವ ಮುಕ್ತ ಗ್ರಂಥಾಲಯ ತಂತ್ರಾಂಶ, ಕನ್ನಡ ದಾಖಲೆಗಳನ್ನೂ ಹಿಡಿಸುತ್ತದೆ. ಪ್ರಾಜೆಕ್ಟ್‌ಗಾಗಿ ಸ್ವಂತದ್ದು ಮಾಡುತ್ತೀರಾದರೆ ಮಾಡಿ, ಆದರೆ ನೀವು ಓದು ಮುಗಿಸಿ ಹೋದ ಮೇಲೆ ವಾಚನಾಲಯದವರು ಯಾರನ್ನು ಕೇಳಬೇಕು? ಕನಿಷ್ಠ ಗ್ರಂಥಾಲಯಗಳು ಪುಸ್ತಕದ ದಾಖಲೆಗೆ ಬಳಸುವ ಮಾರ್ಕ್ 21 ಎಂಬ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡುವ ದಾರಿ ಇಡಿ. ಅದಿದ್ದರೆ ಮುಂದೆ ಯಾವ ಗ್ರಂಥಾಲಯ ತಂತ್ರಾಂಶಕ್ಕಾದರೂ ಸಾಗಿಸಬಹುದು.

ಎರಡನೆಯದು ಲೇಖಕರ ಹೆಸರು. ಕುವೆಂಪು ಎಂದೂ ಇರುತ್ತದೆ, ಕೆ.ವಿ. ಪುಟ್ಟಪ್ಪ ಎಂದೂ ಇರುತ್ತದೆ, ಚುಕ್ಕೆ ಬಿಟ್ಟು ಕೆ ವಿ ಪುಟ್ಟಪ್ಪ ಎಂದೂ ಇರುತ್ತದೆ. ಬೇಂದ್ರೆಯವರದು ದ.ರಾ. ಬೇಂದ್ರೆ ಮತ್ತು ಅಂಬಿಕಾತನಯದತ್ತ. ಎಷ್ಟು ನಾರ್ಮಲೈಸ್ ಮಾಡಿದರೂ ಕಂಪ್ಯೂಟರ್‌ಗೆ ಇವರು ಒಬ್ಬರೇ ಎಂದು ತಿಳಿಯುವುದಿಲ್ಲ. ಲೇಖಕರಿಗೆ ಪ್ರತ್ಯೇಕ ಟೇಬಲ್ ಮಾಡಿ, ಒಬ್ಬರಿಗೆ ಒಂದು ಐಡಿ, ಆ ಐಡಿಗೆ ಎಷ್ಟು ಹೆಸರಾದರೂ. ಪುಸ್ತಕದ ಮುಖಪುಟದಲ್ಲಿ ಅಚ್ಚಾದ ಹೆಸರನ್ನು ಪುಸ್ತಕದ ದಾಖಲೆಯಲ್ಲೇ ಉಳಿಸಿ, ಅದನ್ನು ‘ಸರಿಪಡಿಸಬೇಡಿ’. ಓದುಗರು ಯಾವ ಹೆಸರಿನಲ್ಲಿ ಹುಡುಕಿದರೂ ಎಲ್ಲ ಪುಸ್ತಕ ಬರಲಿ.

ಮೂರನೆಯದು ಎಕ್ಸೆಲ್. ಸಿಎಸ್‌ವಿಯ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದು ಸೇವ್ ಮಾಡಬೇಡಿ. ಅಕ್ಸೆಷನ್ ನಂಬರ್ (ಪುಸ್ತಕದ ದಾಖಲಾತಿ ಸಂಖ್ಯೆ) 00427 ಇದ್ದದ್ದು 427 ಆಗುತ್ತದೆ, ಸಂಪುಟ 1-2 ಇದ್ದದ್ದು ತಾರೀಖಾಗುತ್ತದೆ. ‘ಡೇಟಾ’ ಮೆನುವಿನಿಂದ ಇಂಪೋರ್ಟ್ ಮಾಡಿ, ಸಂಕೇತ 65001 (ಯುಟಿಎಫ್-8) ಆರಿಸಿ, ನಂಬರ್ ಕಾಲಂಗಳನ್ನು ಟೆಕ್ಸ್ಟ್ ಎಂದು ಗುರುತು ಮಾಡಿ.

ಕೋಷ್ಟಕ

ಮೇಡಂ ಹೇಳಿದ ಲೇಖಕರ ಟೇಬಲ್ ಇಲ್ಲದೆ ಈ ಪ್ರಾಜೆಕ್ಟ್ ಅರ್ಧ. ಅಂಕ ಕೊಡುವವರಿಗೂ ಅದನ್ನೇ ಮೊದಲು ತೋರಿಸಿ. ಎಕ್ಸೆಲ್‌ಗೆ ಸಂಬಂಧಿಸಿ ಒಂದೇ ಮಾತು: ಯುಟಿಎಫ್-8 ಸಿಎಸ್‌ವಿಯ ತಲೆಯಲ್ಲಿ 65279 ಎಂಬ ಕಾಣದ ಅಕ್ಷರ ಇರಬಹುದು, ಇಂಪೋರ್ಟ್ ಆದಾಗ ಮೊದಲ ಕಾಲಂನ ಹೆಸರಿಗೆ ಅಂಟಿಕೊಳ್ಳುತ್ತದೆ. ಪೈಥಾನ್‌ನಲ್ಲಿ ‘ಯುಟಿಎಫ್-8-ಸಿಗ್’ ಎಂದು ತೆರೆದರೆ ಉದುರಿಹೋಗುತ್ತದೆ.

ಸಾಗರದ ಹುಡುಗಿ

ಮೂಲ ಫೈಲುಗಳಿಂದ ರನ್ ರನ್ ಓದಿ ಮತ್ತೆ ತುಂಬಿದೆವು. ಇಂಗ್ಲಿಷ್ ಶೀರ್ಷಿಕೆಗಳು ಇಂಗ್ಲಿಷಾಗಿಯೇ ಬಂದವು. ಕರಡು ತಿದ್ದುವ ಅಣ್ಣ ಕೊಟ್ಟ ಆರು ಪದಗಳಲ್ಲಿ ನಮ್ಮ ಹಳೆಯ ಕನ್ವರ್ಟರ್ ‘ಸಾಮರ್ಥ್ಯ’ದಲ್ಲಿ ಸೋತಿತು, ಅದನ್ನು ಬಿಟ್ಟು ಬೇರೆ ಹಿಡಿದೆವು. ಮೂರು ಕಾಲಂ ಮಾಡಿದ ಮೇಲೆ ‘ಸಂಗೀತ’ ಎಲ್ಲ ಕಡೆಯೂ ಸಿಗುತ್ತಿದೆ. ಲೇಖಕರ ಟೇಬಲ್ ಶುರುವಾಗಿದೆ. ವಾಚನಾಲಯದ ಹಿರಿಯರೊಬ್ಬರು ಕಾವ್ಯನಾಮಗಳನ್ನು ಬಾಯಿಪಾಠ ಹೇಳುತ್ತಿದ್ದಾರೆ, ನಾವು ಬರೆದುಕೊಳ್ಳುತ್ತಿದ್ದೇವೆ.

ಕೊನೆಯ ಪ್ರಶ್ನೆ: ಅಕಾರಾದಿಯಲ್ಲಿ ‘ಬಳ್ಳಾರಿ’ ‘ಬಸವ’ಕ್ಕಿಂತ ಮೊದಲು ಬರುತ್ತಿದೆ. ಹಿರಿಯರು ತಪ್ಪು ಎನ್ನುತ್ತಾರೆ.

ಕೋಷ್ಟಕ

ಹಿರಿಯರು ಸರಿ. ವರ್ಣಮಾಲೆಯಲ್ಲಿ ಳ ಬರುವುದು ಹಕಾರದ ನಂತರ. ಯೂನಿಕೋಡ್‌ನ ಸಂಖ್ಯೆಯ ಕ್ರಮದಲ್ಲಿ ಅದು ಲಕಾರದ ಬೆನ್ನಿಗೇ ಕೂತಿದೆ, ವಕಾರಕ್ಕಿಂತ ಮೊದಲು. ನಿಮ್ಮ ಡೇಟಾಬೇಸ್ ಬರೀ ಸಂಖ್ಯೆ ನೋಡಿ ಜೋಡಿಸುತ್ತಿದೆ. ಪೋಸ್ಟ್‌ಗ್ರೆಸ್ 10ರಿಂದ ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಕೊಲೇಷನ್ ಬಳಸಬಹುದು, ಕನ್ನಡದ್ದು ಕೊಟ್ಟು ‘ಆರ್ಡರ್ ಬೈ’ ಮಾಡಿ. ಕನ್ನಡಕ್ಕೆ ‘ಸಾಂಪ್ರದಾಯಿಕ’ ಎಂಬ ಇನ್ನೊಂದು ಬಗೆಯೂ ಅದರಲ್ಲಿದೆ. ಎರಡರಲ್ಲೂ ಒಂದೊಂದು ಪಟ್ಟಿ ತೆಗೆದು ಹಿರಿಯರ ಮುಂದಿಡಿ, ಅವರು ಒಪ್ಪಿದ್ದನ್ನು ಇಟ್ಟುಕೊಳ್ಳಿ.

ಗದಗಿನ ಕರಡು ತಿದ್ದುವವ

ಪಟ್ಟಿ ಪರದೆ ಮ್ಯಾಲೆ ತೋರಸಬ್ಯಾಡ್ರಿ, ಕಾಗದದ ಮ್ಯಾಲೆ ದೊಡ್ಡ ಅಕ್ಷರದಾಗ ಪ್ರಿಂಟ್ ತಗದು ಕೊಡ್ರಿ. ಅಂ, ಅಃ ಇರೋ ಪದ, ಳ ಇರೋ ಪದ, ಒತ್ತಕ್ಷರದ ಪದ ಎಲ್ಲಾ ಸೇರಿಸಿ ನೂರು ಶೀರ್ಷಿಕೆ ಸಾಕು. ಅವರು ಕೆಂಪು ಪೆನ್ನಿನಲೆ ತಿದ್ದಿದ್ದನ್ನ ಟೆಸ್ಟ್ ಫೈಲಿನಾಗ ಹಾಕ್ಕೊಂಡು, ಡೇಟಾಬೇಸ್ ವರ್ಷನ್ ಬದಲಿಸಿದಾಗೆಲ್ಲ ಓಡಸ್ರಿ. ಆ ಟೆಸ್ಟ್ ಫೈಲ್ ಇಲ್ಲೇ ಹಂಚಿಕೊಳ್ರಿ ತಂಗಿ, ನಮ್ಮ ಕಡೇ ವಾಚನಾಲಯದವರೂ ಕೇಳಾಕತ್ತಾರ.